ಅತ್ತೆಯವರ ಎತ್ತು ಮತ್ತು ನಾನು

ಇನ್ನೊಬ್ಬರಿಗಾಗಿ ಏನನ್ನಾದರೂ ಆರಿಸುವುದೆಂದರೆ ನನಗೆ ಎದೆ ಡವಡವ. ಹಿಂದೊಮ್ಮೆ ಹೆಂಡತಿಗೆಂದು ಶಹಾಬಜಾರದಲ್ಲಿ ಸೀರೆ ಆರಿಸಿದ್ದೆ. ಅವಳು ಅದನ್ನು ಉಡಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ. ಸಾಕ್ಷಿಗೆಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದಾಳೆ. ಇಂಥವನ ಪಾಲಿಗೆ, ಜನ್ಮದಲ್ಲಿ ಮೊಬೈಲ್ ಆಟ ಆಡದ ಅತ್ತೆಯವರಿಗೆ ಮೊದಲ ಆಟ ಆರಿಸುವ ಕೆಲಸ ಬಂತು.

ಕಮಲಾಪುರದಲ್ಲಿ ಹೊಲ ಮಾಡಿಸುವ ಅತ್ತೆ, ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಬಂದಿದ್ದರು. ಪ್ಲಾಸ್ಟರ್ ಬಿಚ್ಚಿದರೂ ಬೆರಳುಗಳು ಮಡಚಿಕೊಂಡೇ ಉಳಿದವು. "ಆಡಸ್ಲಿಲ್ಲಂದ್ರ ಹಿಂಗ ಬಿಗದು ಬಿಡ್ತಾವ ನೋಡ್ರಿ," ಎಂದು ಸೇಡಂ ರಸ್ತೆಯ ಡಾಕ್ಟರು ಹೆದರಿಸಿದರು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅತ್ತೆ ಮುಟ್ಟಲಿಲ್ಲ. "ಇನ್ನ ರೊಟ್ಟಿ ಬಡಿಯೂದು ನನ್ನ ಹಣ್ಯಾಗಿಲ್ಲ ಬಿಡ್ರಿ ಅಳಿಯಾರ," ಎಂದು ಒಮ್ಮೆ ಮೆಲ್ಲಗೆ ಅಂದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅವರ ರೊಟ್ಟಿ ತಿಂದೇ ನನ್ನ ಹೊಟ್ಟೆ ಈ ಆಕಾರಕ್ಕೆ ಬಂದದ್ದು.

ಮೊಬೈಲ್ ಆಟದ ನೆಪದಲ್ಲಾದರೂ ಬೆರಳು ಆಡಲಿ ಎಂದು ಹೆಂಡತಿ ಆರಿಸುವ ಕೆಲಸವನ್ನು ನನಗೆ ಹಚ್ಚಿದಳು. ಮೊದಲ ಆಟ ಹಿಡಿಸದಿದ್ದರೆ ಅತ್ತೆ ಎರಡನೆಯದನ್ನು ಮುಟ್ಟುವವರಲ್ಲ. ಕಷ್ಟದ್ದು ಕೊಟ್ಟರೆ ಸೋತು ಬೇಸರ. ತೀರ ಸುಲಭದ್ದು ಕೊಟ್ಟರೆ ತಮ್ಮನ್ನು ಕೂಸು ಮಾಡಿದರೆಂಬ ಸಿಟ್ಟು. ಆಫೀಸಿನಲ್ಲಿ ಫೈಲಿನ ಮರೆಯಲ್ಲಿ ಒಂದು ವಾರ ಪರೀಕ್ಷೆ ನಡೆಸಿದೆ. ಮನೆಯಲ್ಲಿ ಗುಂಡು ಹಾರಿಸುವ ಆಟ ನೋಡುತ್ತಿದ್ದಾಗ ಅತ್ತೆ ಇಣುಕಿ, "ಅವಾ ನಿಮಗೇನ್ ಮಾಡ್ಯಾನರಿ?" ಎಂದರು. ಆ ಆಟವನ್ನು ಅಲ್ಲೇ ಅಳಿಸಿದೆ. ಕಾರಿನ ಆಟದಲ್ಲಿ ನನಗೇ ತಲೆ ತಿರುಗಿತು. ಕೊನೆಗೆ ಒಕ್ಕಲುತನದ ಆಟವೊಂದು ಸಿಕ್ಕಿತು. ಬೆರಳಿನಿಂದ ಎಳೆದರೆ ಎತ್ತು ನಡೆಯುತ್ತದೆ, ಒತ್ತಿದರೆ ಬೀಜ ಬೀಳುತ್ತದೆ.

"ಎರಿ ಹೊಲಕ್ಕ ಇಷ್ಟು ನೀರು ಯಾವ ಶಾಣ್ಯಾ ಬಿಡ್ತಾನ?" ಎಂದು ಬೈಯುತ್ತಲೇ ಅತ್ತೆ ಆಟ ಹಿಡಿದರು. ಮೂರು ದಿನ ಬೆರಳು ತೆವಳಿತು, ನಾನು ಉಸಿರು ಬಿಟ್ಟೆ. ನಾಲ್ಕನೆಯ ದಿನ ಮೊಬೈಲನ್ನು ಮುಟ್ಟಲೇ ಇಲ್ಲ. ಕೇಳಿದರೆ, "ಸೋಮವಾರ ಯಾರರೆ ಎತ್ತು ಹೂಡ್ತಾರೇನ್ರಿ? ಇವತ್ತು ಬಸವಣ್ಣಗ ಬಿಡುವು," ಎಂದರು.

ಆಟಕ್ಕೆ ಸೋಮವಾರ ಗೊತ್ತೇ? ಒಂದು ದಿನ ನೋಡದಿದ್ದರೆ ಅದರಲ್ಲಿ ಬೆಳೆ ಒಣಗುತ್ತದೆ. ಒಣಗಿದ ಜೋಳ ಕಂಡರೆ ಅತ್ತೆ ಕೈಬಿಡುತ್ತಾರೆ, ಬೆರಳು ಬಿಗಿಯುತ್ತದೆ ಎಂದು ಹೆದರಿದೆ. ಅವರು ಗುಡಿಗೆ ಹೋದಾಗ ಮೊಬೈಲ್ ಹಿಡಿದು ಬಚ್ಚಲು ಸೇರಿದೆ. ನೀರು ಬಿಟ್ಟು ಸುಮ್ಮನಾಗಬೇಕಿತ್ತು. ಕೈ ಕೇಳಬೇಕಲ್ಲ, ಎತ್ತು ಹೂಡಿ ಬೀಳುಬಿದ್ದ ಪಟ್ಟಿಯನ್ನೂ ಉತ್ತುಬಿಟ್ಟೆ.

ಮಂಗಳವಾರ ಬೆಳಿಗ್ಗೆ ಅತ್ತೆ ಹೊಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಸೋಮವಾರ ನನ್ನ ಎತ್ತು ಹೂಡಿದವರು ನೀವೇನ್ರಿ?" ತಿಂಗಳಿಂದ ಮಡಚಿದ್ದ ತೋರುಬೆರಳು ಸರ್ರನೆ ನೆಟ್ಟಗಾಗಿ ನನ್ನ ಮೂಗಿನೆದುರು ನಿಂತಿತು.

"ಯವ್ವಾ, ಬೆರಳು!" ಎಂದ ಹೆಂಡತಿಯ ಕಣ್ಣು ತುಂಬಿತು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿ, "ಇನ್ನ ನಾಕು ಉಳದಾವರಿ," ಎಂದಳು. "ತಪ್ಪು ಮಾಡೂದು ನಿಮಗೇನು ಹೊಸಾದಲ್ಲ, ಹಿಂಗ ನಡಸ್ರಿ."