ತೊಟ್ಲಕ್ಕ ಕರಿಯಾಕ ಹೋಗಿ ಗ್ರೂಪಿಂದ ಹೊರಗ ಬಿದ್ದಿದ್ದು

ನನಗ ಆಗ ಅರವತ್ತೊಂದು. ಹತ್ತು ವರ್ಷದ ಹಿಂದಿನ ಮಾತು. ಗೋವಾದ ಸಾಂಕೋಲೆಯ ಕಾರ್ಖಾನಿಗಳ ಹಿಂದಿನ ನಮ್ಮ ಓಣಿಯಾಗ ಕನ್ನಡದ ಹೆಣ್ಮಕ್ಕಳೆಲ್ಲಾ ಸೇರಿ ಫೋನಿನಾಗ ಒಂದು ಗ್ರೂಪು ಮಾಡಿಕೊಂಡಿದ್ವಿ. ಯಜಮಾನಿಕಿ ರೇಣುಕಾಂದು. ಕಾರ್ಖಾನ್ಯಾಗ ಪ್ಯಾಕಿಂಗ್ ಕೆಲಸ ಅಕೀದು, ಇಂಗ್ಲಿಷ್ ಓದತಿದ್ಲು, ಅದಕ್ಕ. ಗ್ರೂಪಿನ ಘನ ಉದ್ದೇಶ ಒಂದೇ: ನೀರಿನ ಟ್ಯಾಂಕರ್ ಯಾವಾಗ ಬರತೈತಿ ಅಂತ ತಿಳಸೂದು.

ನನಗ ಓದು ಬರಹ ಅಷ್ಟಕ್ಕಷ್ಟ. ಆದ್ರ ಗುಂಡಿ ಒತ್ತಿ ಮಾತಾಡಾಕ, ವಿಡಿಯೋ ಕಳಸಾಕ ಬರತಿತ್ತು. ಇಷ್ಟು ಬಂದ್ರ ಎಲ್ಲಾ ಬಂದಂಗ ಅಂತ ತಿಳಿದಿದ್ದೆ!

ಮಗಳು ಗಂಗವ್ವ ಭಾಳ ವರ್ಷಕ್ಕ ಹಡದಿದ್ಲು. ಐತವಾರ ಸಂಜಿಗೆ ಕೂಸಿನ ತೊಟ್ಲ. ಬಳಗ ಎಲ್ಲಾ ವಿಜಯಪುರದ ಕಡೆ. ಇಲ್ಲಿ ತೊಟ್ಲ ತೂಗಿ ಜೋಗುಳ ಹಾಡಾಕ ಓಣಿಯವರು ಬಂದ್ರನ ಆತು. ಇಲ್ಲಂದ್ರ ನಾನು, ನನ್ನ ಗಂಡ ನಿಂಗಪ್ಪ ಇಬ್ಬರ ಹಾಡಬೇಕು. ಅವರು ಹಾಡಿದ್ರ ಕೂಸು ಊರು ಬಿಡತೈತಿ.

ಮನಿ ಮನಿಗೆ ಹೋಗಿ ಕರಿಯಾಕ ಮೊಣಕಾಲು ಕೇಳಲಿಲ್ಲ. ಅದಕ್ಕ ಶನಿವಾರ ಕೂಸಿಗೆ ನೀರು ಎರಿಯೂದನ್ನ ವಿಡಿಯೋ ಹಿಡಿಸಿದೆ. ಕಡೀಕ ಕೈ ಮುಗದು, "ನಾಳೆ ಸಂಜಿಗೆ ತೊಟ್ಲ, ಎಲ್ಲಾರೂ ಬರ್ರಿ" ಅಂದೆ. ಹಿಡದವರು ನಿಂಗಪ್ಪ. ಅರ್ಧ ವಿಡಿಯೋದಾಗ ಅವರ ಹೆಬ್ಬಟ್ಟ!

ಊಟ ಆದಮ್ಯಾಲೆ ಆಮಂತ್ರಣ ಕಾರ್ಯ ಶುರು ಮಾಡಿದೆ. "ಶಾಂತವ್ವ, ಇದು ನಿನಗವ್ವ" ಅಂತ ಗ್ರೂಪಿನಾಗ ದನಿ ಹಾಕಿದೆ. ಅದರ ಹಿಂದ ವಿಡಿಯೋ. "ಮಾದೇವಿ, ಇದು ನಿನಗ." ಮತ್ತ ಅದೇ ವಿಡಿಯೋ. ಹಿಂಗ ಒಂದೊಂದು ಹೆಸರಿಗೆ ಒಂದೊಂದು.

ನಿಂಗಪ್ಪ ಇಣುಕಿ ನೋಡಿದ್ರು. "ಏ, ಒಮ್ಮೆ ಹಾಕಿದ್ರ ಎಲ್ಲಾರಿಗೂ ಮುಟ್ಟತೈತಂತಲ್ಲ?"

"ವಿಡಿಯೋ ಮುಟ್ಟತೈತಿ. ಮರ್ಯಾದಿ ಮುಟ್ಟತೈತೇನು?"

ಆಗ ನೆಟ್ಟು ತುಟ್ಟಿ. ಎಲ್ಲಾರೂ ಸಣ್ಣ ಪ್ಯಾಕ್ ಹಾಕಿಸಿ ಜ್ವಾಕಿಲೆ ಇಟಗೊಂಡಿದ್ರು. ಫೋನು ಬಂದಿದ್ದನ್ನೆಲ್ಲಾ ಕೇಳದ ನುಂಗತಿತ್ತು. ನನ್ನ ಮರ್ಯಾದಿಗೆ ಇಡೀ ಓಣಿಯ ಪ್ಯಾಕ್ ಖಾಲಿ! ಅಷ್ಟರಾಗ ಟ್ಯಾಂಕರ್ ಬಂತು. ಕಾರ್ಖಾನ್ಯಾಗಿದ್ದ ರೇಣುಕಾ ಮತ್ತೊಂದು ಪ್ಯಾಕ್ ಹಾಕಿಸಿ ಗ್ರೂಪಿನಾಗ ಬರದು ಹಾಕಿದ್ಲು, ಒಬ್ಬರಿಗೂ ಮುಟ್ಟಲಿಲ್ಲ. ಟ್ಯಾಂಕರ್ ದೊಡ್ಡ ರಸ್ತಾದಾಗ ನಿಂತು, ಯಾರೂ ಬರಲಿಲ್ಲಂತ ದಾಬೋಲಿಮ್ ಕಡೆ ಹೋತು.

ನನಗೇನು ಗೊತ್ತು? "ಕಸ್ತೂರಿ, ಇದು ನಿನಗ" ಅನ್ನಾಕ ಹೋದೆ, ಫೋನು ಒಲ್ಲೆ ಅಂತು. ನಿಂಗಪ್ಪ ಓದಿ ಹೇಳಿದ್ರು.

"ರೇಣುಕಾ ನಿನ್ನ ಹೊರಗ ಹಾಕ್ಯಾಳ."

"ಎಲ್ಲಿಂದ?"

"ಗ್ರೂಪಿಂದ."

"ನಾ ನಮ್ಮ ಮನ್ಯಾಗ ಕುಂತೇನಿ! ನನ್ನ ಹೊರಗ ಹಾಕಾಕ ಅಕಿ ಯಾರು?"

ಸಂಜಿಗೆ ಖಾಲಿ ಕೊಡ ಹಿಡಕೊಂಡು ಓಣಿಗೆ ಓಣಿನ ನಮ್ಮ ಬಾಗಲಿಗೆ ಬಂತು. ಮುಂದ ರೇಣುಕಾ.

"ಏನ್ರಿ ಆಯಿ ಇದು? ಗ್ರೂಪಿಗೆ ಒಮ್ಮೆ ಹಾಕಬೇಕ್ರಿ. ಅದೂ ಇಂಥಾ ದೊಡ್ಡದು ಹಾಕೂದಿದ್ರ ಮೊದಲ ಕೇಳಬೇಕು!"

"ಕುಂಕುಮ ಹಂಗ ಕೊಡ್ತಾರೇನವ್ವ? ಓಣಿ ನಡುವ ನಿಂತು ಒಂದು ಚಿಟಿಕಿ ಗಾಳ್ಯಾಗ ತೂರಿದ್ರ ಎಲ್ಲಾರ ಹಣಿಗೂ ಹತ್ತತೈತೇನು?"

ಶಾಂತವ್ವ, ನಮ್ಮ ಬಾಜೂ ಮನಿಯಾಕಿ, "ಖರೇ ಐತಿ ಬಿಡ" ಅಂದ್ಲು. ಮಾದೇವಿ, "ಖರೇ ಐತಿ ಅಂದ್ರ ಅನ್ನ ಬೇಯಸಾಕ ನೀರು ಯಾರು ಕೊಡ್ತಾರ?" ಅಂತ ಅಕಿ ಮ್ಯಾಲೆ ಹೋದ್ಲು. ಹಿಂದಿಂದ ಕಸ್ತೂರಿ ಕೊಡ ನೆಲಕ್ಕ ಕುಕ್ಕಿದ್ಲು. "ಅದೆಲ್ಲಾ ಇರ್ಲಿ. ಎಲ್ಲಾರಿಗೂ ಕಳಿಸೀರಿ, ನನಗ್ಯಾಕ ಕಳಸಲಿಲ್ಲ? ನಾ ಏನು ಮಾಡೀನಿ ನಿಮಗ?"

ನಾ ಸೋತೆ. "ವಿಡಿಯೋ ಕಡೀತನಕ ಯಾರರ ನೋಡೀರೇನು?"

"ಎಲ್ಲಿ ನೋಡೂದ್ರಿ! ನಿಮ್ಮ ಯಜಮಾನರ ಹೆಬ್ಬಟ್ಟು ನೋಡೂದ್ರಾಗ ಪ್ಯಾಕ್ ಮುಗೀತು," ಅಂದ್ಲು ರೇಣುಕಾ.

ಆಗ ಬಾಯಿಬಿಟ್ಟು ಹೇಳಿದೆ. "ನಾಳೆ ಸಂಜಿಗೆ ನಮ್ಮ ಕೂಸಿನ ತೊಟ್ಲ ಐತಿ. ತೂಗಾಕ ನೀವ ಬೇಕು. ಬೈಯೂದಿದ್ರ ಬೈರಿ, ಬೈದು ಬರ್ರಿ."

ರೇಣುಕಾ "ನೋಡೂಣು" ಅಂದು ಕೊಡ ಎತ್ತಿಕೊಂಡು ಹೋದ್ಲು. ಉಳದವರೂ ಹಿಂದ ಹೋದ್ರು.

ಐತವಾರ ತೊಟ್ಲ ಕಟ್ಟಿ ಕುಂತ್ವಿ. ಹೊತ್ತು ಇಳೀತು. ಓಣ್ಯಾಗ ಒಂದು ನರಪಿಳ್ಳಿ ಇಲ್ಲ. ಗಂಗವ್ವ ನನ್ನ ಮಾರಿ ನೋಡಲಿಲ್ಲ. ನಿಂಗಪ್ಪ ಹಾಡಾಕ ಗಂಟಲಾ ಸರಿ ಮಾಡಿಕೊಂಡ್ರು. ನಾ ಕೂಸಿನ ಕಿವಿ ಮುಚ್ಚಿದೆ!

ಅಷ್ಟರಾಗ ಬಂದ್ರು. ಎಲ್ಲಾರೂ ಒಮ್ಮೆಲೇ, ಬಳಿ ಗಲಗಲ ಅನಿಸಕೋತ.

"ಟ್ಯಾಂಕರ್ ಬಂದಿತ್ರಿ ಆಯಿ. ಎರಡು ದಿವಸದ ನೀರು ತುಂಬಿ ಬಂದೇವಿ," ಅಂದ್ಲು ರೇಣುಕಾ. "ಎಲ್ಲಿ, ಹೆಬ್ಬಟ್ಟು ಬಿಟ್ಟು ಕೂಸು ತೋರಸ್ರಿ."

ಎಂಥಾ ಜೋಗುಳ ಹಾಡಿದ್ರು! ಒಬ್ಬಾಕಿ ಮುಗಸೂದ್ರಾಗ ಇನ್ನೊಬ್ಬಾಕಿ ಎತ್ತತಿದ್ಲು. ಕೂಸು ನಿದ್ದಿ ಹತ್ತಿದ್ರೂ ಇವರು ಬಿಡಲಿಲ್ಲ. ಹೊಂಡೂ ಮುಂದ ರೇಣುಕಾ ನನ್ನ ಫೋನು ಕಸಗೊಂಡು ಏನೋ ಒತ್ತಿದ್ಲು.

"ಗ್ರೂಪಿಗೆ ವಾಪಸ್ ಹಾಕೇನ್ರಿ. ನಿಮ್ಮನ್ನೂ ಯಜಮಾನ್ತಿ ಮಾಡೇನಿ. ಇನ್ನ ನಿಮಗ ಜವಾಬ್ದಾರಿ ಬರತೈತಿ."

ಸರಕಾರನ ಕೈಗೆ ಬಂದಂಗಾತು ನನಗ.

ಸೋಮವಾರ ಮುಂಜಾನೆ ಎದ್ದು ಆಡಳಿತ ಶುರು ಮಾಡಿದೆ. ಮೊದಲನೇ ಕೆಲಸ ಅಂತ ಆ ವಿಡಿಯೋ ಎಲ್ಲಾ ಅಳಸಾಕ ಹೋಗಿ, ರೇಣುಕಾನ್ನ ಗ್ರೂಪಿಂದ ತಗದು ಒಗದೆ! ತೊಟ್ಲದಾಗ ಹಂಚಿ ಉಳದ ಗುಗ್ಗರಿ ಬಟ್ಟಲಾಗ ಹಾಕ್ಕೊಂಡು, ಅಕಿ ಕೆಲಸಕ್ಕ ಹೋಗೂದ್ರಾಗ ಓಡಿ ಅಕಿ ಬಾಗಲಾ ಬಡದೆ.