ನೆಟ್ಟಗಿನ ಊರಲ್ಲಿ ಡೊಂಕಿನ ಕೆಲಸ

ನನ್ನ ಕೆಲಸ ಏನೆಂದು ಯಾರಾದರೂ ಕೇಳಿದರೆ ಅವತ್ತು ಏನಾದರೊಂದು ಆಗಿಯೇ ತೀರುತ್ತದೆ. ಚಿಕ್ಕೋಡಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಉಳಿದ ಹೊತ್ತಿನಲ್ಲಿ ಸಿಲಿಕಾನ್ ಹರಳಿನ ತೆಳು ಪಟ್ಟಿಯನ್ನು ಬಾಗಿಸುತ್ತೇನೆ. ವೇಗವರ್ಧಕ ಯಂತ್ರದಲ್ಲಿ ಓಡುವ ಕಣಗಳು ಆ ಪಟ್ಟಿಯ ಪರಮಾಣು ಸಾಲುಗಳ ನಡುವೆ ನುಗ್ಗಿ, ಅದು ಬಾಗಿದ ಕಡೆಗೇ ತಿರುಗುತ್ತವೆ. ಈ ಸಲ ದೂರದ ಪ್ರಯೋಗಾಲಯವೊಂದು ನನ್ನ ಪಟ್ಟಿಯನ್ನು ಪರೀಕ್ಷಿಸಲು ಒಪ್ಪಿತ್ತು. ಶುಕ್ರವಾರದೊಳಗೆ ಕಳಿಸದಿದ್ದರೆ ಸರದಿ ಬೇರೆಯವರಿಗೆ. ಆರು ವರ್ಷ ಕಾದು ಸಿಕ್ಕ ಸರದಿ, ಊಟ ಸೇರುತ್ತಿರಲಿಲ್ಲ.

೧. ಐನಾಪುರದ ಕಾಕಾ

ದ್ರಾಕ್ಷಿ ತೋಟದ ಕಾಕಾಗೆ ಇದನ್ನೆಲ್ಲ ವಿವರಿಸಿದೆ. "ಕಾಲುವಿ ನೀರು ತಿರುವಿದಂಗ ಅನ್ನು" ಎಂದರು.

"ಹೌದು ಕಾಕಾ, ಹಂಗ."

"ಎಷ್ಟ ತಿರುಗತಾವ?"

"ಭಾಳ ಸಣ್ಣಗ. ಕಣ್ಣಿಗೆ ಕಾಣೂದಿಲ್ಲ."

ಕಾಕಾ ಒಳಗಿದ್ದ ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಕೂಗಿ ಹೇಳಿದರು: "ಅಷ್ಟ ತಿರುಗಿಸಾಕ ಪಿಎಚ್‌ಡಿ ಮಾಡ್ಯಾಳಂತ. ನಮ್ಮ ಎತ್ತು ಇಡೀ ಗಾಡಿ ತಿರುಗಸ್ತಾವ, ಸಾಲಿ ಮೆಟ್ಟಲಾ ಹತ್ತಿಲ್ಲ."

೨. ಬಸ್ಸಿನ ಅಕ್ಕ

ಒಮ್ಮೆ ಹಳೆಯ ಪಟ್ಟಿಯೊಂದನ್ನು ಗಾಜಿನ ಡಬ್ಬಿಯಲ್ಲಿಟ್ಟು ನಿಪ್ಪಾಣಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಬೇಡಕಿಹಾಳದ ಅಕ್ಕ ಬಗ್ಗಿ ನೋಡಿದಳು.

"ತುಸು ಬಾಗೇತಲ್ರಿ ಇದು?"

"ಹೌದ್ರಿ, ಬೇಕಂತನ ಬಾಗಿಸಿದ್ದು."

ಅಕ್ಕ ನನ್ನನ್ನು ಕನಿಕರದಿಂದ ನೋಡಿದಳು. "ಹಂಗ ಹೇಳಿ ಮಾರ್ಯಾನೇನು ಅಂಗಡ್ಯಾವ? ನಡೀರಿ, ನಾನೂ ಬರ್ತೇನಿ. ಮರಾಠ್ಯಾಗ ಜಗಳಾಡಿದ್ರ ಲಗೂ ಮುಗೀತೈತಿ."

೩. ಲೇಥ್ ಮಿಸ್ತ್ರಿ

ಈ ಸಲದ ಪಟ್ಟಿಯನ್ನು ಬಾಗಿಸಿ ಹಿಡಿಯಲು ಲೋಹದ ಹಿಡಿಕೆಯೊಂದು ಬೇಕಿತ್ತು. ಡ್ರಾಯಿಂಗ್ ಬರೆದು ನಿಪ್ಪಾಣಿಯ ಲೇಥ್ ಮಿಸ್ತ್ರಿಗೆ ಕೊಟ್ಟಿದ್ದೆ. ಹಿಡಿಕೆಯ ಎರಡು ಮುಖಗಳು ತುಸು ಓರೆ ಇರಬೇಕು. ಆ ಓರೆಯೇ ಪಟ್ಟಿಯನ್ನು ಬಾಗಿಸುವುದು. ಗುರುವಾರ ಬೆಳಿಗ್ಗೆ ಹೋದರೆ ಹಿಡಿಕೆ ಪಳಪಳ ಹೊಳೆಯುತ್ತಿತ್ತು. ಮುಖಗಳೆರಡೂ ನೂಲು ಹಿಡಿದಂತೆ ನೆಟ್ಟಗೆ.

ಮಿಸ್ತ್ರಿ ಹತ್ತಿರ ಬಂದು ದನಿ ತಗ್ಗಿಸಿದರು: "ಮೇಡಂ, ನಿಮ್ಮ ಡ್ರಾಯಿಂಗಿನ್ಯಾಗ ತಪ್ಪಿತ್ತು. ಸರಿ ಮಾಡೇನಿ. ಯಾರ ಮುಂದೂ ಹೇಳೂದಿಲ್ಲ."

ನನಗೆ ಅಳುವೇ ಬಂತು. ಆರು ವರ್ಷದ ಕಥೆಯನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಪಾಪ, ಮಿಸ್ತ್ರಿ ಮಧ್ಯಾಹ್ನದ ಊಟ ಬಿಟ್ಟು ಇನ್ನೊಂದು ಹಿಡಿಕೆ ಮಾಡಿಕೊಟ್ಟರು. ಡ್ರಾಯಿಂಗಿನಲ್ಲಿದ್ದಷ್ಟೇ ಓರೆ. ಶುಕ್ರವಾರ ಪಾರ್ಸೆಲ್ ಹೋಯಿತು. ಎರಡು ತಿಂಗಳ ಮೇಲೆ ಕಣಗಳು ಸರಿಯಾಗಿ ತಿರುಗಿದವೆಂದು ಸುದ್ದಿ ಬಂತು.

ಖುಷಿ ತಡೆಯಲಾರದೆ ಅಂಗಡಿಗೆ ಹೋಗಿ, ವರದಿಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಎಂದೆ. ಮಿಸ್ತ್ರಿ ಗಾಬರಿಯಾದರು.

"ಬ್ಯಾಡ್ರಿ ಮೇಡಂ. ಓರೆ ಮಾಲು ಮಾಡ್ಯಾನಂತ ನಾಲ್ಕ ಮಂದಿ ಓದಿದ್ರ ನನ್ನ ಗಿರಾಕಿ ಹೋದಂಗ. ಎದುರಿನ ಅಂಗಡ್ಯಾವನ ಹೆಸರ ಹಾಕ್ರಿ. ಓರೆ ಮಾಲು ಅವಂದಂದ್ರ ಜನ ನಂಬತಾರ."