ಅತ್ತೆಗೆ ಕಿಟಕಿ ಸೀಟೇ ಬೇಕು

ತಿಂಗಳುಗಟ್ಟಲೆ ಹಳೇಬೀಡಿಗೆ ಹೋಗಿಬಂದೂ ದೇವಸ್ಥಾನದ ಕಡೆ ತಲೆ ಹಾಕದವರು ಯಾರಾದರೂ ಇದ್ದರೆ ಅದು ನನ್ನ ಸೋದರತ್ತೆ ಒಬ್ಬಳೇ. ಬಸ್ಸಿನಿಂದ ಇಳಿದರೆ ತಾನೇ ನೋಡುವುದು!

ಕಣ್ಣಿನ ಡಾಕ್ಟರು ಅತ್ತೆಗೆ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಎರಡೂ ಕಣ್ಣಿನ ನರ ಸೋತಿದೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ. ಬೇರೆಯವರಾಗಿದ್ದರೆ ಮೂಲೆ ಹಿಡಿಯುತ್ತಿದ್ದರು. ಅತ್ತೆ ನೇರ ಅರಸೀಕೆರೆ ಬಸ್‌ಸ್ಟ್ಯಾಂಡಿಗೆ ಬಂದು, "ಬೇಲೂರು ಬಸ್ ಯಾವ್ದೇ?" ಎಂದು ನನ್ನನ್ನು ಕೇಳಿದಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಕಣ್ಣಿರುವ ತನಕ ದಾರಿಯಲ್ಲಿ ಸಿಗುವ ಹಳೇಬೀಡಿನ ಕೆರೆ, ಗುಡ್ಡ ನೋಡಿಬಿಡುವುದೆಂದು ತೀರ್ಮಾನ. ಭಾನುವಾರ ಬಂದರೆ ನಾನು ಜೊತೆಗೆ. ಅತ್ತೆಗೆ ಓದು ಬರುವುದಿಲ್ಲ. ನಾನೋ, ನಮ್ಮ ವಂಶದಲ್ಲೇ ಮೊದಲು ಬಿ.ಎ. ಮಾಡಿದವಳು, ಅದೂ ಡುಮ್ಕಿ ಹೊಡೆಯದೆ!

"ಮನೆಗೊಬ್ಳು ಬಿ.ಎ. ಯಾಕಿರೋದು ಅಂದ್ಕಂಡೆ? ಬಸ್ ಬೋರ್ಡ್ ಓದಾಕೆ ಕಣೇ!"

ಆದರೆ ನಾನು ಓದುವ ತನಕ ಅವಳಿಗೆ ತಾಳ್ಮೆ ಎಲ್ಲಿ? ಕಿಟಕಿಯೊಳಕ್ಕೆ ಟವೆಲ್ಲು ಎಸೆದು ಸೀಟು ಹಿಡಿಯುವುದರಲ್ಲಿ ಅತ್ತೆಯನ್ನು ಮೀರಿಸುವ ಗಂಡಸು ಈ ಸೀಮೆಯಲ್ಲಿಲ್ಲ. ಒಮ್ಮೆ ಅರೇಹಳ್ಳಿಗೆಂದು ಬೇಲೂರಿನಲ್ಲಿ ನಿಂತಿದ್ದಾಗ ಟವೆಲ್ಲು ಹೋಗಿ ಗೆಂಡೆಹಳ್ಳಿ ಬಸ್ಸಿನೊಳಗೆ ಬಿತ್ತು. ನಾನು ಕೂಗುವಷ್ಟರಲ್ಲಿ ಬಸ್ಸು ಹೊರಟೇಹೋಯಿತು.

"ಹೋಗ್ಲಿ ಬಿಡು. ಟವೆಲ್ಲಾರ ಊರು ನೋಡ್ಕಂಡ್ ಬರ್ಲಿ!"

ಕಂಡಕ್ಟರ್ ಎಲ್ಲಿಗಮ್ಮಾ ಎಂದರೆ, "ಕೆರೆ ಎಲ್ಲಿಗಂಟ ಐತೋ ಅಲ್ಲಿಗಂಟ ಕೊಡಪ್ಪ."

"ಕೆರೆಗೆ ಸ್ಟಾಪಿಲ್ಲಮ್ಮ."

"ಹಂಗಾದ್ರೆ ನಿಧಾನಕ್ಕೆ ಓಡ್ಸಾಕೆ ಹೇಳು."

ಹಳೇಬೀಡಿನಲ್ಲಿ ಬಸ್ಸಿಗೆ ಬಸ್ಸೇ ಇಳಿದರೂ ಅತ್ತೆ ಅಲುಗುವುದಿಲ್ಲ. "ಒಂದ್ಸಲ ದೇವಸ್ಥಾನ ನೋಡಾಣ ಬಾ ಅತ್ತೆ" ಎಂದೆ.

"ಅದು ಕಲ್ಲು ಕಣೇ. ಕಣ್ ಹೋದ್ಮೇಲೂ ಕೈಯಲ್ಲಿ ಮುಟ್ಟಿ ನೋಡ್ಬೋದು. ಆ ಕೆರೆ, ಆ ಗುಡ್ಡ ಮುಟ್ಟಿ ನೋಡಾಕಾಯ್ತದಾ?"

ಏನಾದರೂ ಹೇಳಬೇಕಲ್ಲ! "ಮುಟ್ಟಬಾರದು ಅಂತ ಬೋರ್ಡ್ ಹಾಕವ್ರೆ ಅತ್ತೆ."

"ನಂಗೆ ಓದಾಕೆ ಬರಲ್ವಲ್ಲ!"

ಮೊನ್ನೆ ಭಾನುವಾರ ಅರಸೀಕೆರೆಯಲ್ಲಿ ಅತ್ತೆ ಎಸೆದ ಟವೆಲ್ಲು ಕಿಟಕಿಗೆ ಹೋಗಲಿಲ್ಲ. ಬಸ್ಸಿನ ತಗಡಿಗೆ ಬಡಿದು ಕೆಳಗೆ ಬಿತ್ತು. ನಾನೇ ಎತ್ತಿ, ಧೂಳು ಕೊಡವಿ, ಒಳಕ್ಕೆಸೆದೆ. ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲದಲ್ಲಿ ದಿನಾ ಬೆಳಗ್ಗೆ ಕೊಟ್ಟಿಗೆ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದು, ಹೀಗೇ ಟವೆಲ್ಲೆಸೆದು ನನಗೆ ಸೀಟು ಹಿಡಿದುಕೊಟ್ಟು, "ಓದ್ಕಂಡ್ ಹೋಗೇ!" ಎಂದು ಕೆಳಗಿನಿಂದ ಕೂಗುತ್ತಿದ್ದವಳು ಇವಳೇ. ಆ ನೂಕುನುಗ್ಗಲಲ್ಲಿ ನಿಂತೇ ಹೋಗಿದ್ದರೆ ನನ್ನ ಬಿ.ಎ. ಆಗುತ್ತಿತ್ತೋ ಇಲ್ಲವೋ.

ಒಳಗೆ ಬಂದ ಅತ್ತೆ ಸೀಟು ತಡವಿ ನೋಡಿ, ನನ್ನನ್ನೇ ಕಿಟಕಿಯ ಕಡೆ ತಳ್ಳಿದಳು.

"ಇದ್ಯಾಕತ್ತೆ, ನೀನು ಕೂತ್ಕೋ."

"ಬ್ಯಾಡ. ಇನ್ಮೇಲೆ ನೀನೇ."

ದಾರಿಯುದ್ದಕ್ಕೂ ಮೋಡ. ಹಳೇಬೀಡು ಬಂತು. ಕೆರೆ, ಅದರಾಚೆಯ ಗುಡ್ಡ, ಎಲ್ಲಾ ಬೂದಿ ಬಣ್ಣ. ಬಾಯಿ ತೆರೆದರೆ ಅಳು ಬರುತ್ತದೆಂದು ಸುಮ್ಮನೆ ಕೂತಿದ್ದೆ. ಅತ್ತೆ ಮೊಣಕೈಯಲ್ಲಿ ತಿವಿದಳು.

"ಗಾಳಿ ತಣ್ಣಗಾಯ್ತು, ಕೆರೆ ಬಂತು. ಸುಮ್ಕೆ ಕೂತಿದ್ದೀಯಲ್ಲೇ ಬಿ.ಎ.? ಆಚೆ ಏನೇನೈತೋ ಓದು."